ಹೊಳೆಯ ಮೇಲಿನ ಸೊನ್ನೆ

ಚಿಕ್ಕೋಡಿಯ ಕಂಟ್ರೋಲ್ ರೂಮಿನಿಂದ ಯಾರೋ ಹತ್ತರಿಂದ ಒಂದರವರೆಗೆ ಇಳಿಮುಖವಾಗಿ ಎಣಿಸುತ್ತಿದ್ದರು, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. ಹೆಡ್ ಕಾನ್ಸ್‌ಟೇಬಲ್ ಮುರಗೆಪ್ಪ ವಾಕಿಟಾಕಿಯನ್ನು ಕಿವಿಯ ಬಳಿ ಹಿಡಿದುಕೊಂಡು ಕೃಷ್ಣೆಗೆ ಕಟ್ಟಿದ ಕುಡಚಿಯ ಸೇತುವೆಯ ಮೇಲೆ ನಡೆಯುತ್ತಿದ್ದ. ಏಳರವರೆಗೆ ಎಲ್ಲ ನೆಟ್ಟಗಿತ್ತು. ಸೇತುವೆಯ ನಡುವೆ ಬಂದಾಗ ಆರು ಎನ್ನುವ ಮಾತು ಬಾಯಲ್ಲಿ ನೀರು ತುಂಬಿಕೊಂಡವನ ಮಾತಾಯಿತು. ಐದು, ನಾಲ್ಕು, ಮೂರು ಬಂದವೋ ಇಲ್ಲವೋ ಗೊತ್ತಾಗಲಿಲ್ಲ.

ಹಿಂದೆ ಬರುತ್ತಿದ್ದ ರೇಡಿಯೊ ಕಂಪನಿಯ ಇಂಜಿನಿಯರ್ ತ್ರಿಶಲಾ ಕೈಯಲ್ಲಿದ್ದ ನಕ್ಷೆಯನ್ನು ನೋಡಿ, ಇಲ್ಲಿ ಹೀಗಾಗುತ್ತದೆಂದು ತನಗೆ ಗೊತ್ತೇ ಇತ್ತು, ಚಿಂತೆಯಿಲ್ಲ ಎಂದಳು. ಹಾಗೆಂದಾಗ ಅವಳ ದನಿಯಲ್ಲಿ ತುಸು ಜಂಬವೂ ಇತ್ತು. ಇರಬಾರದೇಕೆ? ಈ ಹೊಸ ವಾಕಿಟಾಕಿ ವ್ಯವಸ್ಥೆಯನ್ನೆಲ್ಲ ರೂಪಿಸಿದವಳು ಅವಳು. ಹಿಂದೆ ಪೊಲೀಸರಿಗೆ ತಾಲ್ಲೂಕಿಗೊಂದು ಚಾನೆಲ್. ರಾಯಬಾಗದವನು ಕೂಗಿದರೆ ಅಥಣಿಯವನಿಗೆ ಕೇಳಿಸದು. ಈಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಐದು ಗೋಪುರಗಳು. ಒಬ್ಬ ಆಡಿದ ಮಾತನ್ನು ಐದೂ ಒಂದೇ ತರಂಗದಲ್ಲಿ, ಒಂದೇ ಕ್ಷಣಕ್ಕೆ ಹೇಳುತ್ತವೆ. ಪೊಲೀಸರು, ಅಗ್ನಿಶಾಮಕದವರು, ದೋಣಿಯವರು ಎಲ್ಲರಿಗೂ ಒಂದೇ ಕಿವಿ, ಒಂದೇ ಬಾಯಿ.

ಅದರಲ್ಲಿ ಒಂದೇ ತೊಡಕು. ಎರಡು ಗೋಪುರಗಳ ದನಿ ಸರಿಸಮ ಬಲದಿಂದ ತಲುಪುವ ಕಡೆ, ಒಂದು ಕೂದಲೆಳೆಯಷ್ಟು ತಡವಾಗಿ ಬಂದರೂ ಮಾತು ಕಲಸಿಹೋಗುತ್ತದೆ. ಆ ಕಲಸನ್ನು ಇಲ್ಲವಾಗಿಸಲು ಆಗದು. ಗೋಪುರಗಳು ಮಾತು ಬಿಡುವ ಹೊತ್ತನ್ನು ತುಸು ಅತ್ತಿತ್ತ ಸರಿಸಿ ಬೇರೆ ಕಡೆಗೆ ತಳ್ಳಬಹುದು, ಅಷ್ಟೇ. ತ್ರಿಶಲಾ ನಕ್ಷೆಯ ಪ್ರತಿ ಚೌಕಕ್ಕೂ ಅಲ್ಲಿನ ಜನಸಂಖ್ಯೆಯನ್ನು ತುಂಬಿ, ಎಲ್ಲಿ ಜನ ಕಡಿಮೆಯೋ ಅಲ್ಲಿಗೆ ತಳ್ಳು ಎಂದು ಕಂಪ್ಯೂಟರಿಗೆ ಹೇಳಿದ್ದಳು. ಹೊಳೆಯ ಚೌಕಗಳಲ್ಲಿ ಸೊನ್ನೆ ಇತ್ತು. ಹೇಳಿದ ಮಾತು ಕೇಳುವ ಯಂತ್ರ, ಕಲಸನ್ನೆಲ್ಲ ತೆಗೆದುಕೊಂಡು ಹೋಗಿ ಕೃಷ್ಣೆಯ ಮೇಲೆ ಸುರಿಯಿತು.

ಇದನ್ನೆಲ್ಲ ಅವಳು ಮುರಗೆಪ್ಪನಿಗೆ ವಿವರಿಸಿದಳು. ಅವನು ಸೇತುವೆಯ ಕಟಾಂಜನದ ಮೇಲೆ ಕೈಯಿಟ್ಟು ಕೆಳಗೆ ನೋಡಿದ. ಮೇ ತಿಂಗಳ ಹೊಳೆ, ಮರಳಿನ ನಡುವೆ ತೆಳ್ಳಗೆ ಹರಿಯುತ್ತಿತ್ತು.

"ಮೇಡಮ್, ಮಹಾಪೂರ ಬಂದಾಗ ನಾವೆಲ್ಲಾ ಇಲ್ಲೇ ಇರ್ತೀವ್ರಿ," ಎಂದ. "ಹೊಳ್ಯಾಗ. ಬೋಟಿನ್ಯಾಗ."

ತ್ರಿಶಲಾಳ ಮುಖ ಕಪ್ಪಿಟ್ಟಿತು. ಮುಂಬಯಿಯಲ್ಲಿ ಕೂತವರು ಯಾರಾದರೂ ಈ ತಪ್ಪು ಮಾಡಿದ್ದರೆ ಅದು ಬೇರೆ. ಅವಳು ಇಲ್ಲೇ ಹತ್ತಿರದ ಭೋಜ ಗ್ರಾಮದವಳು. ದೂಧಗಂಗೆ ಏರಿ ಬಂದು ಕಬ್ಬಿನ ಹೊಲ ಮುಳುಗಿದಾಗ ಅಪ್ಪ ಜಿನೇಂದ್ರ ಬೆಲ್ಲ ಕಾಯಿಸುವ ಕಾಹಿಲಿಯನ್ನೇ ದೋಣಿ ಮಾಡಿಕೊಂಡು, ಅದರಲ್ಲಿ ಕೂತು ಎಮ್ಮೆಗಳನ್ನು ದಾಟಿಸಿದ್ದನ್ನು ಕಣ್ಣಾರೆ ಕಂಡವಳು. ಹೊಳೆಯಲ್ಲಿ ಜನರಿರುವುದಿಲ್ಲ ಎಂದು ಬರೆಯುವಾಗ ಆ ಕಾಹಿಲಿ ಎಲ್ಲಿ ಹೋಗಿತ್ತು? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಕಂಪನಿಯ ಮ್ಯಾನೇಜರ್ ವಿಕ್ರಾಂತನಿಗೆ ಫೋನು ಮಾಡಿದಳು. ವಿಕ್ರಾಂತ ಕೆಟ್ಟವನಲ್ಲ, ಅವಸರದವನು. ನಾಳೆ ಅಧಿಕಾರಿಗಳು ಒಪ್ಪಿಗೆಯ ಸಹಿ ಹಾಕುವವರಿದ್ದಾರೆ, ನೂರಕ್ಕೆ ತೊಂಬತ್ತೇಳು ಭಾಗ ಸರಿ ಬಂದಿದೆ, ಹೊಳೆ ಲೆಕ್ಕದಲ್ಲೇ ಇಲ್ಲ ಎಂದ. ಬದಲಿಸಿದರೆ ಐದೂ ತಾಲ್ಲೂಕುಗಳ ಪರೀಕ್ಷೆ ಮೊದಲಿನಿಂದ ಆಗಬೇಕು. ಮಳೆಗೆ ಉಳಿದದ್ದು ಮೂರು ವಾರ. ಕೊನೆಗೆ, ಕೊಲ್ಹಾಪುರದ ಕಡೆಯ ದೊಡ್ಡ ಕೆಲಸ ನಿನಗೇ ಎಂದುಕೊಂಡಿದ್ದೆ, ಯೋಚನೆ ಮಾಡು ಎಂದ. ಬೆದರಿಕೆಯಲ್ಲ, ಇದ್ದದ್ದನ್ನೇ ಹೇಳಿದ್ದ. ಅದಕ್ಕೇ ಅದು ಹೆಚ್ಚು ಚುಚ್ಚಿತು.

ಅಂದು ಸಂಜೆ ಅವಳು ಕಂಪ್ಯೂಟರಿನ ಮುಂದೆ ಕೂತು ಹೊತ್ತು ಮುಳುಗುವ ಮುನ್ನ ಉಣ್ಣುವುದನ್ನೇ ಮರೆತಳು. ಮರೆತ ಮೇಲೆ ಜೈನರ ಮನೆಯ ರೀತಿಯಂತೆ ಬೆಳಗಿನವರೆಗೆ ಉಪವಾಸವೇ ಗತಿ. ಹೊಳೆಯ ಚೌಕಗಳಲ್ಲಿದ್ದ ಸೊನ್ನೆಗಳನ್ನು ಒಂದೊಂದಾಗಿ ಅಳಿಸಿ ನೂರು, ಇನ್ನೂರು ಎಂದು ತುಂಬಿದಳು. ಕಲಸು ಹೊಳೆಯನ್ನು ಬಿಟ್ಟು ದಂಡೆ ಹತ್ತಿತು, ಎತ್ತರದ ಒಂದು ಮರಡಿಯ ಮೇಲೆ ಹೋಗಿ ನಿಂತಿತು. ಅಲ್ಲಿ ಹನ್ನೊಂದು ಮನೆಗಳಿದ್ದವು.

ಮರುದಿನ ಚಿಕ್ಕೋಡಿಯ ಸಭೆಯಲ್ಲಿ ತಪ್ಪು ತನ್ನದು, ಸಹಿ ಹಾಕಬೇಡಿ ಎಂದು ಎದ್ದು ನಿಂತು ಹೇಳಿದಳು. ವಿಕ್ರಾಂತ ಪೆನ್ನಿನ ಮುಚ್ಚಳವನ್ನು ನೋಡುತ್ತ ಕೂತ. ಮಳೆಯೊಳಗೆ ಆಗುತ್ತದೆಯೇ ಎಂದು ಅಧಿಕಾರಿ ಕೇಳಿದರು, ಆಗುತ್ತದೆ ಎಂದಳು. ಹದಿನೇಳು ದಿನ ಅವಳೂ ಮುರಗೆಪ್ಪನೂ ಐದು ತಾಲ್ಲೂಕುಗಳನ್ನು ಬಿಸಿಲಿನಲ್ಲಿ ಮತ್ತೆ ಮೊದಲಿನಿಂದ ಸುತ್ತಿದರು. ಕೊಲ್ಹಾಪುರದ ಕೆಲಸ ಬೇರೆಯವರ ಪಾಲಾಯಿತು. ಹೊಳೆಯ ನಡುವೆ ದೋಣಿಯಲ್ಲಿ ನಿಂತ ಮುರಗೆಪ್ಪನಿಗೆ ಹತ್ತರಿಂದ ಒಂದರವರೆಗೂ, ಎರಡೂ ಭಾಷೆಯಲ್ಲಿ, ಒಂದಕ್ಷರ ಬಿಡದೆ ಕೇಳಿಸಿತು.

ಇಷ್ಟಾದರೂ ಅವಳಿಗೆ ಸಮಾಧಾನವಿರಲಿಲ್ಲ. ಮರಡಿಯ ಹನ್ನೊಂದು ಮನೆಗಳ ವಸ್ತಿಗೆ ಹೋಗಿ ಇದನ್ನು ಹೇಳಬೇಕು ಎಂದು ಹಟ ಹಿಡಿದಳು. ಇಂಥದ್ದನ್ನು ಯಾರೂ ಹೋಗಿ ಹೇಳುವುದಿಲ್ಲ ಎಂದು ಗೊಣಗುತ್ತಲೇ ಮುರಗೆಪ್ಪ ಜೀಪು ತಿರುಗಿಸಿದ.

ಮೊದಲ ಮನೆಯ ಕಟ್ಟೆಯ ಮೇಲೆ ಶಿವಗಂಗವ್ವ ಎಂಬ ಮುದುಕಿ ಶೇಂಗಾ ಸುಲಿಯುತ್ತಿದ್ದಳು. ತ್ರಿಶಲಾ ಬದಿಯಲ್ಲಿ ಕೂತಳು.

"ಆಯಿ, ನಿಮ್ಮ ವಸ್ತಿಗೆ ಪೊಲೀಸರು ಬಂದ್ರ ಅವರ ವಾಕಿಟಾಕಿ ಇಲ್ಲಿ ನೆಟ್ಟಗ ಕೇಳಸೂದಿಲ್ಲರಿ. ಹಂಗ ಮಾಡಿದಾಕಿ ನಾನ."

"ಮತ್ತ ಎಲ್ಲಿ ಕೇಳಸ್ತೈತಿ?"

"ಹೊಳ್ಯಾಗ."

ಶಿವಗಂಗವ್ವನ ಕೈ ನಿಂತಿತು. ಮರಡಿಯ ಕೆಳಗೆ, ಬಾಣ ಬೀಳುವಷ್ಟು ದೂರದಲ್ಲಿ, ಹೊಳೆ ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ಅದರತ್ತ ಕೈ ಮಾಡಿದಳು.

"ಹ್ವಾದ ಮಹಾಪೂರದಾಗ ಇಲ್ಲಿ ನಿಂತ್ರ ಅಲ್ಲಿ ಮಂದಿ ಒದರೂದು ಚೊಲೊ ಕೇಳ್ತಿತ್ತವಾ," ಎಂದಳು. "ಎರಡು ದಿನ ಕೇಳಿದ್ವಿ. ನಮಗಷ್ಟ ಕೇಳ್ತಿತ್ತು."

ಮುರಗೆಪ್ಪ ಟೋಪಿ ತೆಗೆದು ಬೆವರು ಒರೆಸಿಕೊಂಡ. ಆಮೇಲೆ ವಾಕಿಟಾಕಿಯನ್ನು ಕಿವಿಗಿಟ್ಟುಕೊಂಡು, ಮಾತು ತಿಳಿಯಾಗುವ ಜಾಗ ಎಲ್ಲಿದೆಯೆಂದು ಹುಡುಕುತ್ತ, ಮನೆಗಳ ಸಾಲನ್ನು ದಾಟಿ ಮೆಲ್ಲಗೆ ನಡೆದ. ಬಾವಿಯ ಆಚೆ ಬನ್ನಿಯ ಗಿಡದ ಬಳಿ ನಿಂತು, ಇಲ್ಲಿ ಕೇಳಸ್ತೈತಿ ಎಂಬಂತೆ ಕೈಯೆತ್ತಿದ. ಶಿವಗಂಗವ್ವ ಎದ್ದು ಒಳಗೆ ಹೋದಳು. ಸುಣ್ಣದ ಗಡಿಗೆ ಹಿಡಿದುಕೊಂಡು ಹೊರಬಂದು, ಬಾಗಿದ ಸೊಂಟದಲ್ಲೇ ಗಿಡದವರೆಗೆ ನಡೆದು, ಪೊಲೀಸರ ಕಣ್ಣಿಗೆ ಬೀಳುವಷ್ಟು ಎತ್ತರಕ್ಕೆ ಕೈ ಚಾಚಿ, ಗಿಡದ ಬೊಡ್ಡೆಯ ಸುತ್ತ ಬಿಳಿಯ ಪಟ್ಟಿ ಬಳಿಯತೊಡಗಿದಳು.