ಹನ್ನೆರಡನೇ ಅಂಗಡಿ

“ಕಬ್ಬಿಣದ ಬೀರುಗಳನ್ನ ಒಳಗೆಳೀರೋ, ಬೇಗ!” ಎಂದು ಸೋದರಮಾವ ಆಳುಗಳಿಗೆ ಕೂಗುತ್ತಿದ್ದ. ಅವನ ಅಕ್ಕನ ಹೆಣ ಹೊತ್ತವರು ಆಗಲೇ ತಿರುವಿಗೆ ಬಂದಿದ್ದರು.

ಸಾಲಿನ ಹನ್ನೆರಡೂ ಅಂಗಡಿಯವರು ಫುಟ್‌ಪಾತ್ ಖಾಲಿ ಮಾಡಿದರು. ಪಾಲಿಕೆಯ ತಪಾಸಣೆಯ ದಿನ ಹತ್ತೇ ನಿಮಿಷದಲ್ಲಿ ಸಾಮಾನು ಒಳಗೆ ಸೇರಿಸಿ ಪಳಗಿದ ಕೈಗಳು. ಕಾನೂನೇನೋ ಇತ್ತು, ಕಂಬದ ಬೋರ್ಡಿನ ಮೇಲೆ. ಆ ಬೋರ್ಡಿಗೇ ಯಾರೋ ಪೊರಕೆ ನೇತುಹಾಕಿ ಮಾರುತ್ತಿದ್ದರು.

“ಅವಳು ಬದುಕಿದ್ದಾಗ ಒಂದಡಿ ಜಾಗ ಬಿಡಲಿಲ್ಲ ಮಹಾನುಭಾವರು,” ಎಂದಳು ಪಕ್ಕದ ಮನೆಯಾಕೆ. “ಈಗ ನೋಡು, ರಾಜಬೀದಿ!”

ಆಕೆಯ ತೋಳು ಹಿಡಿದಿದ್ದವಳು ಸತ್ತವಳ ಮಗಳು. ಅವಳಿಗೆ ಕಣ್ಣು ಕಾಣದು. ಆಸ್ಪತ್ರೆಯಲ್ಲಿ ಫೋನ್ ಆಪರೇಟರ್ ಕೆಲಸಕ್ಕೆ ಇಪ್ಪತ್ತು ವರ್ಷ ಅಮ್ಮನ ಕೈ ಹಿಡಿದೇ ಹೋದವಳು. ಫುಟ್‌ಪಾತಿನಲ್ಲಿ ಜಾಗವಿಲ್ಲದೆ ರಸ್ತೆಗಿಳಿದಾಗ ಮಗಳು ಒಳಬದಿ, ಅಮ್ಮ ಹೊರಬದಿ. ಮೊನ್ನೆ ಮಾವನ ಬೀರು ಅಂಗಡಿಯ ಮುಂದೆಯೇ ಅಮ್ಮನಿಗೆ ಬಸ್ಸು ಬಡಿದಿತ್ತು. ಸೋಮವಾರದಿಂದ ಅವಳು ಒಬ್ಬಳೇ ಹೋಗಬೇಕು.

*

ಹೋದ ವರ್ಷ, ಫುಟ್‌ಪಾತ್ ತೆರವು ಮಾಡಿಸಿ ಎಂದು ಅಮ್ಮ ಪಾಲಿಕೆಗೆ ಅರ್ಜಿ ಕೊಟ್ಟಿದ್ದಳು. ಅಧಿಕಾರಿ ಓದಿ ನಕ್ಕ.

“ಹನ್ನೊಂದು ಅಂಗಡಿ ಹೆಸರಿದೆ. ನಿಮ್ಮ ತಮ್ಮಂದು ಎಲ್ಲಮ್ಮಾ? ಅದನ್ನೂ ಸೇರಿಸಿ, ನಾಳೆನೇ ಎತ್ತಿಸ್ತೀನಿ.”

ಅಮ್ಮ ಅರ್ಜಿಯನ್ನು ಮಡಚಿ ವಾಪಸು ತಂದಳು. “ಒಡಹುಟ್ಟಿದವನ ಹೊಟ್ಟೆ ಮೇಲೆ ಹೊಡೀಲಾ? ನಾನಿದ್ದೀನಲ್ಲೇ, ನಿಂಗೇನು ಭಯ?”

*

ಸ್ಮಶಾನದಲ್ಲಿ ಮಾವ ಗೊಳೋ ಎಂದು ಅತ್ತ. ಆ ಅಳು ನಾಟಕವಲ್ಲ, ತೊಡಕಿದ್ದದ್ದೇ ಅಲ್ಲಿ.

“ಮಾವ, ನಿಮ್ಮ ಅಂಗಡಿ ಮುಂದಾದ್ರೂ ಜಾಗ ಹಾಗೇ ಬಿಡ್ತೀರಾ? ಇನ್ನು ನಾನೊಬ್ಬಳೇ.”

“ನಾನೊಬ್ಬ ಬಿಟ್ರೆ ಏನಾಗುತ್ತಮ್ಮಾ? ಎಲ್ಲರೂ ಬಿಡಲಿ, ಆಗ ನಾನೇ ಮೊದಲು ಬಿಡ್ತೀನಿ.”

“ಹಾಗಾದ್ರೆ ಅರ್ಜಿ ಕೊಡ್ತೀನಿ. ಹನ್ನೆರಡು ಹೆಸರೂ ಬರೆಸ್ತೀನಿ.”

“ಕೊಡು ತಾಯಿ,” ಎಂದ ಮಾವ, ಸಿಟ್ಟಿಲ್ಲದೆ. “ತಪಾಸಣೆಗೆ ಬರೋ ಮುಂಚೆ ಆಫೀಸಿನವರೇ ನಮಗೆ ಫೋನ್ ಮಾಡ್ತಾರೆ.”

ಮಾವ ಬೇರೆಯವರ ಸ್ಕೂಟರಿನಲ್ಲಿ ಮುಂಚೆಯೇ ಅಂಗಡಿಗೆ ಹೊರಟ. ಮಗಳು ಅದೇ ಫುಟ್‌ಪಾತಿನಲ್ಲಿ ಕೋಲೂರಿಕೊಂಡು ಬಂದಳು, ಪಕ್ಕದ ಮನೆಯಾಕೆ ಹಿಂದೆ. ಮೊದಲ ಮೂರು ಅಂಗಡಿಗಳವರೆಗೆ ನೆಲ ಖಾಲಿಯಿತ್ತು. ಯಾರ ಕೈಯೂ ಹಿಡಿಯದೆ ನೆಟ್ಟಗೆ ನಡೆದಳು. ಆಮೇಲೆ ಮುಂದೆಲ್ಲೋ ಕಬ್ಬಿಣವನ್ನು ಕಲ್ಲಿನ ಮೇಲೆ ಎಳೆಯುವ ಸದ್ದು ಶುರುವಾಯಿತು. ಒಂದಾದ ಮೇಲೆ ಒಂದು.

“ನಿಲ್ಲಮ್ಮಾ, ಬೀರು ತಗುಲೀತು!” ಮಾವ ಓಡಿಬಂದ. ಅವಳ ಮೊಣಕೈ ಹಿಡಿದು, ಮಗುವನ್ನು ಇಳಿಸುವಂತೆ ಮೆಲ್ಲಗೆ ರಸ್ತೆಗೆ ಇಳಿಸಿದ. ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ಮಾವ ಕೈಬಿಟ್ಟು ಫುಟ್‌ಪಾತಿನ ಮೇಲೆಯೇ ನಿಂತ.