ಬಸ್ಸಿನಲ್ಲಿ ನಿದ್ದೆ

ಎಂಟು ವರ್ಷದ ಪರಿಮಳಾ ಸಂಜೆಯಾಯಿತೆಂದರೆ ಕಾಲು ತಿರುಚಿಕೊಂಡು ಬೀಳುತ್ತಿದ್ದಳು. ಯಾದಗಿರಿಯ ಡಾಕ್ಟರರು ಮಾತ್ರ ಅದನ್ನು ಎಂದೂ ಕಣ್ಣಾರೆ ಕಂಡಿರಲಿಲ್ಲ. ಈ ಸಲ ಐದು ಊರುಗಳ ಡಾಕ್ಟರರು ಕಂಪ್ಯೂಟರಿನ ಪರದೆಯ ಮೇಲೆ ಒಟ್ಟುಗೂಡಿ, ಹೆಸರು ಸಿಗದ ಕಾಯಿಲೆಯ ಮಕ್ಕಳನ್ನು ನೋಡುವವರಿದ್ದರು. ಈಗಲೂ ಏನೂ ಕಾಣದಿದ್ದರೆ ಅವಳ ಫೈಲು ಮುಚ್ಚುತ್ತಿತ್ತು.

ಅದರ ಹಿಂದಿನ ದಿನ ಆಶಾ ಕಾರ್ಯಕರ್ತೆ ಸುಮಲತಾ ವನದುರ್ಗದ ಮನೆಗೆ ಬಂದಳು.

“ಸಾಯಬಮ್ಮಕ್ಕ, ನಿನ್ನ ಮಗಳು ದವಾಖಾನ್ಯಾಗ ಜಿಂಕಿಹಂಗ ನಡೀತಾಳಂತ. ಏನ್ ಮಂತ್ರ ಹಾಕ್ತಿ?”

“ಮಂತ್ರ ಎಲ್ಲಿದವ್ವ? ಬಸ್ಸಿನ್ಯಾಗ ತೊಡಿ ಮ್ಯಾಲೆ ಮಲಗಸ್ತೀನಿ. ನಿದ್ದಿ ಆದ್ರ ಕಾಲು ಚಲೋ ಆಗ್ತಾವ. ದೊಡ್ಡೋರ ಮುಂದ ಕೂಸು ಬೀಳಬಾರದಲ್ಲ?”

ಸುಮಲತಾ ಹಣೆ ಬಡಿದುಕೊಂಡಳು. “ಯಕ್ಕಾ, ಜಡ್ಡನ್ನೇ ಬಸ್ಸಿನ್ಯಾಗ ಬಿಟ್ಟು ಹೋಗ್ತೀಯಲ್ಲ, ಡಾಕ್ಟರು ಏನ್ ನೋಡಬೇಕು! ನಾಳಿ ಮಲಗಸಬ್ಯಾಡ.”

ಮರುದಿನ ಮಧ್ಯಾಹ್ನದ ಬಸ್ಸಿನಲ್ಲಿ ಮಗಳ ಕಣ್ಣು ಎಳೆದಾಗಲೆಲ್ಲ ಸಾಯಬಮ್ಮ ಕೆನ್ನೆಗೆ ನೀರು ಹಚ್ಚಿದಳು, ಮಗ್ಗಿ ಹೇಳಿಸಿದಳು, ಕೊನೆಗೆ ಚಿವುಟಿದಳು.

“ನೀ ಕೆಟ್ಟಾಕಿ ಅದಿ ಯವ್ವಾ,” ಎಂದು ಪರಿಮಳಾ ಅತ್ತಳು.

“ಹೌದು, ಕೆಟ್ಟಾಕಿನೇ. ಏಳರ ಮಗ್ಗಿ ಹೇಳು.”

ಸಂಜೆ ದವಾಖಾನೆಯಲ್ಲಿ ಪರದೆಯ ಮುಂದೆ ಹುಡುಗಿ ನಾಲ್ಕು ಹೆಜ್ಜೆ ಇಟ್ಟಳು. ಐದನೆಯದಕ್ಕೆ ಪಾದ ಒಳಗೆ ತಿರುಗಿತು. ಸಾಯಬಮ್ಮನ ಕೈ ತಾನಾಗಿ ಮುಂದೆ ಚಾಚಿತು. ಅದನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಸುತ್ತಿಕೊಂಡಳು. ಮಗಳು ಬಿದ್ದಳು.

ಪರದೆಯಲ್ಲಿದ್ದ ಡಾಕ್ಟರಮ್ಮ ಒಬ್ಬರು, “ನಿದ್ದೆಯಾದರೆ ಸರಿಹೋಗುತ್ತಾಳಾ?” ಎಂದು ಕೇಳಿದರು.

“ಹೌದ್ರಿ.”

“ಇಂಥದೇ ಒಂದು ಮಗು ನಮ್ಮಲ್ಲಿ ಮಾತ್ರೆ ತಗೊಳ್ತಾ ಇದೆ. ಇವಳಿಗೂ ಕೊಟ್ಟು ನೋಡೋಣ.”

“ಆ ಕೂಸು ಸಂಜೀಕ ನಡೀತದೇನ್ರಿ?”

“ಓಡುತ್ತೆ.”

ಸಾಯಬಮ್ಮ ಆಗ ಬಗ್ಗಿ ಮಗಳನ್ನು ಎತ್ತಿಕೊಂಡಳು.