ಯಾವುದಕ್ಕೂ ಇರಲಿ

ಸೂಗಮ್ಮನ ನಾದಿನಿ ಮಾಳಮ್ಮನವರಷ್ಟು ಗಟ್ಟಿಯಾಗಿ ಆಮೆನ್ ಹೇಳುವವರು ಕಮಲಾಪುರದ ಸಭೆಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಅವರ ಬಾಗಿಲ ಮೇಲೆ ಶಿಲುಬೆ, ಶಿಲುಬೆಯ ಕೆಳಗೊಂದು ನಿಂಬೆಹಣ್ಣು, ಮೆಣಸಿನಕಾಯಿ. ಕೇಳಿದರೆ, "ಯಾವುದಕ್ಕೂ ಇರ್ಲಿ ಅಂತ!" ಎನ್ನುತ್ತಿದ್ದರು.

ಸೂಗಮ್ಮ ಮತ್ತು ಮಗಳು ಮಲ್ಲಿಕಾ ಇರುವುದು ಕಲಬುರಗಿಯ ಗಾಜಿಪುರದಲ್ಲಿ. ಮಲ್ಲಿಕಾಳ ಮದುವೆಯೂ ಅಲ್ಲೇ. ಅರಿಶಿಣ ಮಾತ್ರ ತಂದೆಯ ಊರಾದ ಕಮಲಾಪುರದಲ್ಲಾಗಬೇಕೆಂದು ಮಾಳಮ್ಮ ಹಟ ಹಿಡಿದಿದ್ದರು. ಸರಿ, ಟೆಂಪೊ ತುಂಬ ನೆಂಟರು ಬಂದಿಳಿದರು. ಕೆಂಪು ಬಾಳೆಯ ಗೊನೆ ನೋಡನೋಡುತ್ತಲೇ ಬರಿದಾಯಿತು.

ಮದುಮಗಳ ತಾಯಿ ಮಾತ್ರ ಅಡುಗೆಮನೆಯಲ್ಲಿ ಹೋಳಿಗೆಯ ಕಣಕ ನಾದುತ್ತಿದ್ದಳು. ಗಂಡ ತೀರಿದಂದಿನಿಂದ ಯಾರ ಮದುವೆಯಲ್ಲೂ ಅವಳ ಜಾಗ ಅದೇ. ಹೊಲಿಗೆ ಮಷಿನ್ನಿನ ಮುಂದೆ ಕೂತು "ಕರ್ತನೇ, ಇವತ್ತಿನದು ಇವತ್ತು ನಡಸು" ಎಂದು ಬೇಡುತ್ತಲೇ ಮಗಳನ್ನು ನರ್ಸ್ ಮಾಡಿದವಳು. ಬಡತನಕ್ಕೆ ಹೆದರದ ಈ ಹೆಣ್ಣು ತನ್ನ ಕೈಗೆ ತಾನೇ ಹೆದರುತ್ತಿದ್ದಳು. ಗಂಡನಿಲ್ಲದವಳ ಕೈ ತಗಲಿದರೆ ಮದುಮಗಳಿಗೆ ಕೇಡು ಎಂದು ಹತ್ತು ಬಾಯಿ ಹೇಳಿ ಹೇಳಿ, ಅವಳೂ ನಂಬಿಬಿಟ್ಟಿದ್ದಳು. ಎಂಥ ಅನ್ಯಾಯ ನೋಡಿ!

ಅಂಗಳದಲ್ಲಿ ಮಾಳಮ್ಮ ಉದ್ದನೆಯ ಪ್ರಾರ್ಥನೆ ಮಾಡಿದರು. "ಕರ್ತನೇ, ನಿನ್ನನ್ನೇ ನಂಬೀವಿ. ಈ ಕೂಸಿಗೆ ಯಾವ ಕೇಡೂ ಮುಟ್ಟಗೊಡಬ್ಯಾಡ." ಆಮೆನ್ ಆಯಿತು. "ಈಗ ಮುತ್ತೈದೇರು ಬರ್ರಿ."

"ಮೊದಲ ಅರಿಶಿಣ ನಮ್ಮವ್ವ ಹಚ್ಚಬೇಕು," ಎಂದಳು ಮಲ್ಲಿಕಾ.

"ಹುಚ್ಚೇನ ನಿನಗ? ಆಕಿ ಮುಂದ ಬರಬಾರದು. ಹಿಂದಿಂದ ಬಂದ ಪದ್ಧತಿ ಅದ."

"ಅತ್ತಿ, ಈಗಷ್ಟ ದೇವರಿಗೆ ಬೇಡ್ಕೊಂಡ್ಯಲ್ಲ, ಕಾಯ್ತಾನಂತ ನಂಬಿಕಿ ಅದನೋ ಇಲ್ಲೋ?"

"ಅದ ಯವ್ವಾ! ಆದ್ರೂ... ಯಾವುದಕ್ಕೂ ಇರ್ಲಿ ಅಂತ."

"ಹಂಗಂದ್ರ ನಾವು ನಂಬಿದ್ದು ದೇವರ್ನೋ, ಹೆದರಿಕಿನೋ? ಅವ್ವ ಹಚ್ಚಲಿಲ್ಲಂದ್ರ ನನಗ ಅರಿಶಿಣನೇ ಬ್ಯಾಡ!" ಮಲ್ಲಿಕಾ ಮಣೆ ಬಿಟ್ಟು ಎದ್ದೇಬಿಟ್ಟಳು.

ಸೂಗಮ್ಮ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಓಡಿ ಬಂದಳು. "ಬ್ಯಾಡ ಮಗಳೇ. ನಾಳಿ ನಿನಗೇನರ ಆದ್ರ ನಾ ತಡಕೊಳ್ಳಂಗಿಲ್ಲ."

"ಯವ್ವಾ, ನನಗ ಜ್ವರ ಬಂದಾಗೆಲ್ಲ ತಲಿ ಮ್ಯಾಲೆ ಕೈಯಿಟ್ಟು ಪ್ರಾರ್ಥನಾ ಮಾಡ್ತಿದ್ದಿ. ಆಗ ಯಾಕ ಹೆದರಲಿಲ್ಲ?"

ಸೂಗಮ್ಮ ತನ್ನ ಅಂಗೈ ನೋಡಿಕೊಂಡಳು. ಹೌದಲ್ಲ, ಆ ಕೈಯೇ ಈ ಕೈ! ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲು ದಾಟಿದಳು. ಮಗಳ ಕೆನ್ನೆಗೆ ಅರಿಶಿಣ ಬಳಿದಳು, ಹಣೆಗೆ ಬಳಿದಳು, ಮೂಗಿಗೂ ಬಳಿದಳು. ಇಷ್ಟು ವರ್ಷ ತಡೆದಿಟ್ಟ ಕೈ, ನಿಲ್ಲಲೇ ಒಲ್ಲದು.

"ಸಾಕಬೇ, ಕಣ್ಣಾಗ ಹೋಯ್ತು!" ಎಂದು ಮಲ್ಲಿಕಾ ಕೂಗಿದಾಗ ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಸೂಗಮ್ಮ ಅಳುತ್ತಲೇ ನಕ್ಕಳು. ಅಷ್ಟು ಸಂತೋಷ ಅವಳಿಗೆ ತನ್ನ ಮದುವೆಯಲ್ಲೂ ಆಗಿರಲಿಲ್ಲ.

ಗೋಡೆಯ ಬದಿಗೆ ನೆರೆಮನೆಯ ಹಣಮಮ್ಮ ನಿಂತಿದ್ದಳು. ಅವಳ ಗಂಡನೂ ತೀರಿಕೊಂಡಿದ್ದ. "ನಾನೂ ಒಂದೀಟು ಹಚ್ಚಲೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಎಲ್ಲರೂ ಮಾಳಮ್ಮನವರ ಮುಖ ನೋಡಿದರು. ಅವರು ಅರಿಶಿಣದ ಬಟ್ಟಲು ಎತ್ತಿಕೊಂಡರು. ಆಮೇಲೆ ಮುತ್ತೈದೆಯರ ಸಾಲನ್ನು ಭುಜದಿಂದ ಸರಿಸುತ್ತಾ, "ಸರೀರೇ, ಹಣಮಮ್ಮಗ ದಾರಿ ಬಿಡ್ರಿ," ಎಂದು ಬಟ್ಟಲನ್ನು ತಾವೇ ಅವಳ ಮುಂದೆ ಹಿಡಿದರು.